ಹೊರಡುವಾಗ ಹೇಳುವ ಮಾತು

"ಬುದ್ಧಿ, ಒಂದು ಮಾತು ಕೇಳಬೇಕಿತ್ತು. ಕೆಲವು ಗಂಡಸರು ಪರದೇಶಕ್ಕೆ ಹೋಗ್ತಾರೆ. ಅಲ್ಲಿ ದುಡ್ಡು ಕೊಟ್ಟು ಹೆಣ್ಣಿನ ಸಂಗ ಮಾಡಿ ಬರ್ತಾರೆ. ಮೋಸ ಮಾಡಿರಲ್ಲ, ಬಲವಂತ ಮಾಡಿರಲ್ಲ. ಅವಳು ಕೇಳಿದ್ದು ಕೊಟ್ಟು, ಒಳ್ಳೇ ಮಾತಲ್ಲೇ ಎದ್ದು ಬಂದಿರ್ತಾರೆ. ಹಂಗಿದ್ದೂ ಮನಸ್ಸು ಯಾಕೆ ಅಲ್ಲೇ ಸುತ್ತುತ್ತೆ?"

ಕೇಳಿದವನು ನಾಗಭೂಷಣ. ವಯಸ್ಸು ನಲವತ್ತೈದು ದಾಟಿತ್ತು. ರೇಷ್ಮೆ ನೂಲಿನ ವ್ಯಾಪಾರ ಬಿಟ್ಟು ಮಠ ಸೇರಿ ಎಂಟು ತಿಂಗಳಾಗಿತ್ತು. ಬೆಳಗಿನ ಹೊತ್ತು ದಾಸೋಹದ ಜಗಲಿಯಲ್ಲಿ ಗುರುಗಳ ಎದುರು ಕೂತು ಅವರೆಕಾಯಿ ಸುಲಿಯುತ್ತಿದ್ದ. ಕೇಳುವಾಗ ತಲೆ ಎತ್ತಿರಲಿಲ್ಲ.

"ಯಾರಪ್ಪ ಆ ಗಂಡಸರು?" ಎಂದರು ಗುರುಗಳು.

"ಇದ್ದಾರೆ ಬುದ್ಧಿ. ಅವರಿವರು. ಮಾತಿಗೆ ಸಿಕ್ಕಾಗ ಹೇಳ್ಕೋತಿದ್ರು."

ಗುರುಗಳು ಅವರಿವರ ವಿಷಯ ಮತ್ತೆ ಕೆದಕಲಿಲ್ಲ. ಅವರಿವರ ಹೆಸರಿನಲ್ಲಿ ಬರುವ ಪ್ರಶ್ನೆಗಳನ್ನು ಅವರು ಆ ಜಗಲಿಯಲ್ಲಿ ಬೇಕಾದಷ್ಟು ಕೇಳಿದ್ದರು. ತಾವೂ ಒಂದು ಹಿಡಿ ಅವರೆಕಾಯಿ ಹತ್ತಿರಕ್ಕೆ ಎಳೆದುಕೊಂಡು ಕತೆ ಹೇಳಿದರು.

ಒಬ್ಬ ಊದುಬತ್ತಿ ವ್ಯಾಪಾರಿ ಇದ್ದ. ಕೈತುಂಬ ಕೆಲಸ, ಹೊಟ್ಟೆತುಂಬ ಊಟ, ಯಾವುದಕ್ಕೂ ಕೊರತೆ ಇರಲಿಲ್ಲ. ಮದುವೆ ಒಂದು ಆಗಿರಲಿಲ್ಲ. ಹಾಗೆಂದು ಅವನೇನೂ ಕೈಕಟ್ಟಿ ಕೂತವನಲ್ಲ. ಹೆಣ್ಣು ನೋಡಲು ಹದಿನೇಳು ಮನೆ ಹತ್ತಿ ಇಳಿದಿದ್ದ. ಹದಿನೇಳು ಮನೆಯಲ್ಲೂ ಉಪ್ಪಿಟ್ಟು, ಕೇಸರಿಬಾತು ಕೊಟ್ಟರು. ಹದಿನೇಳು ಮನೆಯಲ್ಲೂ ಹೆಣ್ಣಿನ ತಂದೆ ಬಾಗಿಲ ತನಕ ಬಂದು, "ತಿಳಿಸ್ತೀವಿ" ಎಂದರು.

ಮೊದಲನೆಯ ಮನೆಯವರು ಹಾಗೆ ಹೇಳಿದಾಗ ವ್ಯಾಪಾರಿ ನಂಬಿದ್ದ. ಹದಿನೈದು ದಿನ, ಸ್ನಾನಕ್ಕೆ ಹೋಗುವಾಗಲೂ ಫೋನನ್ನು ಬಚ್ಚಲ ಬಾಗಿಲ ಬಳಿ ಇಟ್ಟು ಹೋಗುತ್ತಿದ್ದ. ಯಾರೂ ಏನೂ ತಿಳಿಸಲಿಲ್ಲ. ನಾಲ್ಕನೆಯ ಮನೆಯ ಹೊತ್ತಿಗೆ "ತಿಳಿಸ್ತೀವಿ" ಅಂದರೆ ಏನರ್ಥ ಎಂಬುದು ಅವನ ತಲೆಗೆ ಹೋಗಿತ್ತು. ಹದಿನೇಳನೆಯ ಮನೆಯಲ್ಲಿ ಅವನೇ ನಕ್ಕು, "ಬಿಡಿ ಸ್ವಾಮಿ, ತಿಳೀತು" ಎಂದು ಚಪ್ಪಲಿ ಮೆಟ್ಟಿಕೊಂಡ. ನಕ್ಕನೇನೋ ನಿಜ. ಮನೆಗೆ ಬಂದ ಮೇಲೆ ಎರಡು ದಿನ ಅಂಗಡಿ ಬಾಗಿಲು ತೆಗೆಯಲಿಲ್ಲ. ಬಾಗಿಲಲ್ಲಿ ನಿಂತು ಜನ ಆಡುವ ಮಾತನ್ನು ಇನ್ನು ಈ ಜನ್ಮದಲ್ಲಿ ನಂಬುವುದಿಲ್ಲ ಎಂದು ಅವನು ಮನಸ್ಸಿನಲ್ಲೇ ಗಂಟು ಹಾಕಿಕೊಂಡ.

ಆ ವರ್ಷ ಅವನು ಸರಕಿನ ಸ್ಯಾಂಪಲ್ ಹಿಡಿದು ಸಮುದ್ರದಾಚೆಯ ಒಂದು ದೇಶಕ್ಕೆ ಹೋದ. ಅಲ್ಲಿಯ ಜನ ಮನೆಮುಂದೆ ಪುಟ್ಟ ಗುಡಿ ಕಟ್ಟಿ ದಿನಾ ಊದುಬತ್ತಿ ಹಚ್ಚುವವರು. ಜೊತೆಗೆ ಇನ್ನೂ ಮೂವರು ವ್ಯಾಪಾರಿಗಳಿದ್ದರು. ವ್ಯವಹಾರ ಮುಗಿಯಿತು. ಮನೆಗೆ ಹೊರಡಲು ಇನ್ನೂ ನಾಲ್ಕು ದಿನವಿತ್ತು. ಆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಕ್ಕೆಂದು ನಕ್ಕರು. ಬಂದದ್ದಂತೂ ಬಂದಿದ್ದೇವೆ, ಎಲ್ಲರೂ ಹೇಳುವ ಸಮುದ್ರತೀರದ ಆ ಊರನ್ನು ನೋಡದೆ ಹೋದರೆ ಹೇಗೆ ಎಂದರು.

ಆ ಊರಿನಲ್ಲಿ ಅದಕ್ಕೇ ಒಂದು ಬೀದಿ ಇತ್ತು. ಮಧ್ಯಾಹ್ನದಿಂದಲೇ ಅಂಗಡಿಗಳ ಮುಂದೆ ಎತ್ತರದ ಸ್ಟೂಲುಗಳ ಮೇಲೆ ಹೆಂಗಸರು ಕೂತಿರುತ್ತಿದ್ದರು. ದೇಶದೇಶದ ಗಂಡಸರು ತರಕಾರಿ ಮಾರ್ಕೆಟ್ಟಿನಲ್ಲಿ ನಡೆದ ಹಾಗೆ ನಿಧಾನವಾಗಿ ನಡೆಯುತ್ತಿದ್ದರು. ಜೊತೆಯ ಮೂವರಿಗೂ ಅಲ್ಲಿ ಎಲ್ಲಿಲ್ಲದ ಧೈರ್ಯ ಬಂದುಬಿಟ್ಟಿತು. ನಮ್ಮ ವ್ಯಾಪಾರಿಗೆ ನಾಚಿಕೆಯಾಯಿತು, ಆದರೆ ಕಾಲು ವಾಪಸು ತಿರುಗಲಿಲ್ಲ. ಇದು ಹದಿನೆಂಟನೆಯ ಮನೆ ಎಂದುಕೊಂಡ. ಇಲ್ಲೂ ಹೆಣ್ಣು ಕೂತಿರುತ್ತಾಳೆ, ಇಲ್ಲೂ ಗಂಡು ನೋಡುತ್ತಾನೆ. ಇಲ್ಲಿ ಯಾರೂ "ತಿಳಿಸ್ತೀವಿ" ಅನ್ನುವುದಿಲ್ಲ, ಅಷ್ಟೇ ವ್ಯತ್ಯಾಸ.

ಅವನ ಜೊತೆ ನಾಲ್ಕು ದಿನ ಇರಲು ಒಬ್ಬಳು ಒಪ್ಪಿದಳು. ಎಳೆಯ ಹುಡುಗಿಯಲ್ಲ, ಮೂವತ್ತೈದರ ಹೆಂಗಸು. ಕೊಡಬೇಕಾದದ್ದನ್ನು ಅವನು ಮೊದಲೇ ಕೊಟ್ಟುಬಿಟ್ಟ. ಆಮೇಲೆ ಆ ಮಾತು ನಡುವೆ ಬರುವುದು ಅವನಿಗೆ ಬೇಕಿರಲಿಲ್ಲ.

ಅವನು ಏನು ಬಯಸಿ ಹೋಗಿದ್ದನೋ ಅದು ಸಿಕ್ಕಿತು. ಆದರೆ ಅದು ಅವನ ನೆನಪಿನಲ್ಲಿ ಉಳಿಯಲಿಲ್ಲ. ಉಳಿದದ್ದು ಬೇರೆ. ಮಧ್ಯಾಹ್ನ ಇಬ್ಬರೂ ಬೀದಿಯ ತುದಿಯಲ್ಲಿದ್ದ ಒಬ್ಬ ಮುದುಕಿಯ ಅನ್ನದಂಗಡಿಗೆ ಹೋದರು. ಅಲ್ಲಿ ಅನ್ನದ ಮೇಲೆ ಒಣಸಿಗಡಿ ಉದುರಿಸಿ ಕೊಡುತ್ತಿದ್ದರು. ವ್ಯಾಪಾರಿ ಹುಟ್ಟಿದಾಗಿನಿಂದ ಅದನ್ನು ಮುಟ್ಟಿದವನಲ್ಲ. ತಟ್ಟೆ ನೋಡುತ್ತ ಸುಮ್ಮನೆ ಕೂತ. ಅವಳು ಅವನ ಮುಖ ನೋಡಿದಳು, ತಟ್ಟೆ ನೋಡಿದಳು. ಮುದುಕಿಗೆ ಏನೋ ಹೇಳಿ ಬೇರೆ ತಟ್ಟೆಯಲ್ಲಿ ಬರೀ ಅನ್ನ, ಸೊಪ್ಪು ತರಿಸಿದಳು. ಅದರಲ್ಲೂ ಎಲ್ಲೋ ಒಂದೆರಡು ಸಿಗಡಿ ಸೇರಿದ್ದವು. ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, ಬೆರಳ ತುದಿಯಿಂದ ಒಂದೊಂದನ್ನೇ ಆರಿಸಿ ತೆಗೆದು, ಇನ್ನು ಇಲ್ಲ ಎಂದು ಖಾತ್ರಿಯಾದ ಮೇಲೆ ಅವನ ಮುಂದೆ ತಳ್ಳಿದಳು. ನಮ್ಮಲ್ಲಿ ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ.

ತಾಯಿ ಸತ್ತ ಮೇಲೆ ಅವನ ತಟ್ಟೆಯ ಕಡೆ ಯಾರೂ ಅಷ್ಟು ಹೊತ್ತು ನೋಡಿರಲಿಲ್ಲ. ಅವನು ಕಣ್ಣು ಒರೆಸಿಕೊಂಡ. ಖಾರ ಎಂದು ಸನ್ನೆ ಮಾಡಿ ನೀರು ಕುಡಿದ. ಇವಳ ಎದುರು ಇನ್ನೂ ಸಾವಿರ ಊಟ ಮಾಡಬೇಕು ಅನ್ನಿಸಿತು.

ಒಬ್ಬರ ಭಾಷೆ ಒಬ್ಬರಿಗೆ ಬಾರದು. ಅವನು ಚಿಕ್ಕ ಪುಸ್ತಕವೊಂದರಲ್ಲಿ ಅವಳ ಭಾಷೆಯ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡ. ನೀರು, ಅನ್ನ, ಬಿಸಿಲು, ಸಾಕು, ನಾಳೆ. ಹೋಗು, ಬಾ. ಅವನು ಓದಿದಾಗ ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು. ನಾಲ್ಕು ದಿನದಲ್ಲಿ ಮೂವತ್ತು ಪದಗಳಾದವು.

ಐದನೆಯ ದಿನ ಬೆಳಿಗ್ಗೆ ಕಾರು ಬಂತು. ಜೊತೆಯ ಮೂವರೂ ಒಳಗೆ ಕೂತು ಹಾರ್ನ್ ಹೊಡೆಸುತ್ತಿದ್ದರು. ಅವಳು ಬಾಗಿಲಲ್ಲಿ ನಿಂತಿದ್ದಳು. ಏನಾದರೂ ಹೇಳಿ ಹೊರಡಬೇಕಲ್ಲ. ಪುಸ್ತಕದಲ್ಲಿ "ಹೋಗು" ಎಂಬುದಕ್ಕೆ ಪದವಿತ್ತು. ಅದು ಅವನ ನಾಲಿಗೆಗೆ ಬರಲಿಲ್ಲ. ಚಿಕ್ಕವನಿದ್ದಾಗ ಯಾರದೋ ಮನೆಯಿಂದ ಏಳುತ್ತ "ಹೋಗ್ತೀನಿ" ಅಂದದ್ದಕ್ಕೆ ತಾಯಿ ಬಾಯಿಯ ಮೇಲೆ ಒಂದು ಕೊಟ್ಟಿದ್ದಳು. "ಹಂಗನ್ನಬಾರದು ಕಣೋ, ಬರ್ತೀನಿ ಅನ್ನು." ಅಂದಿನಿಂದ ಅವನು ಯಾರ ಮನೆಯ ಬಾಗಿಲಲ್ಲೂ "ಹೋಗ್ತೀನಿ" ಅಂದವನಲ್ಲ. ಆ ಹದಿನೇಳು ಮನೆಗಳಿಂದಲೂ "ಬರ್ತೀನಿ" ಎಂದೇ ಹೇಳಿ ಎದ್ದಿದ್ದ. ಇಲ್ಲೂ ಅದನ್ನೇ ಅವಳ ಭಾಷೆಯಲ್ಲಿ ಹೇಳಿದ.

ಅವಳು ತಟ್ಟನೆ ಮುಖ ಎತ್ತಿದಳು. "ಯಾವಾಗ?" ಎಂದಳು. ಆ ಪದ ಅವನ ಪುಸ್ತಕದಲ್ಲಿತ್ತು.

ವ್ಯಾಪಾರಿ ತಬ್ಬಿಬ್ಬಾದ. "ಬರ್ತೀನಿ" ಅಂದರೆ ನಮ್ಮಲ್ಲಿ "ಹೂಂ, ಬನ್ನಿ" ಅನ್ನುತ್ತಾರೆಯೇ ಹೊರತು ಯಾವಾಗ ಎಂದು ಯಾರೂ ಕೇಳುವುದಿಲ್ಲ. ಏನು ಹೇಳಬೇಕೋ ತಿಳಿಯದೆ ಚೀಲಕ್ಕೆ ಕೈ ಹಾಕಿದ. ಸ್ಯಾಂಪಲ್ಲಿನಲ್ಲಿ ಉಳಿದಿದ್ದ ನೂರು ಕಡ್ಡಿಯ ಒಂದು ಡಬ್ಬ ಕೈಗೆ ಬಂತು. ಅದನ್ನೇ ಅವಳ ಕೈಯಲ್ಲಿಟ್ಟ. ಅವಳು ಡಬ್ಬ ನೋಡಿದಳು. ಆಮೇಲೆ, ತಿಳಿಯಿತು ಎನ್ನುವಂತೆ, ನಿಧಾನವಾಗಿ ತಲೆ ಆಡಿಸಿದಳು. ಅವನು ಕಾರು ಹತ್ತಿದ.

ಊರಿಗೆ ಬಂದ ಮೇಲೆ ಅವನಿಗೆ ಅನ್ನ ಸೇರದಾಯಿತು. ತಟ್ಟೆ ಮುಂದೆ ಇಟ್ಟುಕೊಂಡರೆ ಆ ಬೆರಳುಗಳು ನೆನಪಾಗುತ್ತಿದ್ದವು. ಎರಡು ಸಲ ಟಿಕೆಟ್ ತೆಗೆಯಲು ಹೋಗಿ ಹಿಂದಕ್ಕೆ ಬಂದ. ಅವನನ್ನು ತಡೆದದ್ದು ದುಡ್ಡೂ ಅಲ್ಲ, ಮಾನವೂ ಅಲ್ಲ. ಆ ಹದಿನೇಳು ಮನೆ ಕಲಿಸಿದ ಪಾಠ. ಒಳ್ಳೆಯ ಸಂಬಂಧ ಎಂದು ಹೋದ ಮನೆಗಳಲ್ಲೇ ಬಾಗಿಲ ಮಾತು ಬರೀ ಮಾತಾಗಿತ್ತು. ಇನ್ನು ಆ ಬೀದಿಯಲ್ಲಿ ಯಾರ ನಗು ನಿಜ? ಅವಳು ಎಲ್ಲರ ತಟ್ಟೆಯನ್ನೂ ಹಾಗೇ ಎಳೆದುಕೊಳ್ಳುತ್ತಿದ್ದಳೋ ಏನೋ. ಹೋಗಿ ನಿಂತರೆ ಗುರುತೇ ಹಿಡಿಯದಿದ್ದರೆ? ಆಮೇಲೆ ಈ ನೆನಪೂ ಇಲ್ಲವಾಗುತ್ತದೆ ಎಂದು ಅವನು ಹೆದರಿದ. ಗೆಳೆಯರ ಮುಂದೆ, "ಅಲ್ಲಿಯವರದೆಲ್ಲ ನಾಟಕ ಬಿಡ್ರೋ" ಎಂದು ತಾನೇ ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದ. ಒಬ್ಬನೇ ಇದ್ದಾಗ ಪುಸ್ತಕ ತೆಗೆದು ಮೂವತ್ತು ಪದಗಳನ್ನೂ ಓದುತ್ತಿದ್ದ. ಹಾಗೇ ಮೂರು ವರ್ಷ ಕಳೆಯಿತು.

ಆಮೇಲೆ ತಡೆಯಲಾಗಲಿಲ್ಲ. ಈ ಸಲ ಜೊತೆಗೆ ಯಾರನ್ನೂ ಕರೆಯದೆ ಹೋದ. ನೆಟ್ಟಗೆ ಆ ಬೀದಿಗೆ ಬಂದ. ಸ್ಟೂಲುಗಳ ಮೇಲೆ ಬೇರೆ ಬೇರೆ ಮುಖಗಳಿದ್ದವು. ತುದಿಯ ಅನ್ನದಂಗಡಿಗೆ ಹೋಗಿ ನಿಂತ. ಮುದುಕಿ ಅವನನ್ನು ಕಂಡದ್ದೇ ಸೌಟು ಕೆಳಗಿಟ್ಟಳು. ನಾಲ್ಕು ದೇಶದ ಗಂಡಸರಿಗೆ ಅನ್ನ ಬಡಿಸಿ ಅವಳಿಗೆ ಅರೆಬರೆ ಇಂಗ್ಲಿಷ್ ಬರುತ್ತಿತ್ತು.

"ಸಿಗಡಿ ತಿನ್ನದವನಲ್ವಾ ನೀನು?" ಎಂದಳು.

ಅವನು ಹೌದೆಂದ. ಅವಳು ಎಲ್ಲಿ ಎಂದು ಕೇಳಿದ.

ಮುದುಕಿ ಕೂರಲು ಹೇಳಲಿಲ್ಲ. ನಿಂತೇ ಹೇಳಿದಳು.

"ನೀನು ಹೋದ ಮಾರನೇ ದಿನದಿಂದ ಅವಳು ಆ ಸ್ಟೂಲಿನ ಮೇಲೆ ಕೂರಲಿಲ್ಲ. ನನ್ನ ಅಂಗಡಿಯಲ್ಲಿ ಪಾತ್ರೆ ತೊಳೆಯೋಕೆ ಬಂದಳು. ಯಾಕೆ ಅಂದೆ. ಅವನು ಬರ್ತೀನಿ ಅಂದಿದ್ದಾನೆ ಅಂದಳು. ಯಾವಾಗ ಅಂದೆ. ಡಬ್ಬ ತೋರಿಸಿದಳು. ದಿನಕ್ಕೊಂದು ಕಡ್ಡಿ ಹಚ್ಚುತ್ತಿದ್ದಳು. ಅದು ಮುಗಿಯೋ ದಿನ ನೀನು ಬರ್ತೀಯ ಅಂತ ತಿಳಿದಿದ್ದಳು. ಮೀನು, ಸಿಗಡಿ ಇಲ್ಲದೆ ಅಡುಗೆ ಮಾಡೋದು ಹೇಗೆ ಅಂತ ನನ್ನ ಹತ್ತಿರ ಕೇಳಿದಳು. ಅಂಥ ಅಡುಗೆ ನನಗೇ ಬರ್ತಿರಲಿಲ್ಲ. ಇಬ್ಬರೂ ಕೂಡಿ ಕಲಿತೆವು."

ವ್ಯಾಪಾರಿ ಕೈಯ ಚೀಲ ನೆಲಕ್ಕಿಟ್ಟ. ಮುದುಕಿ ಮಾತು ಮುಂದುವರಿಸಿದಳು.

"ನೂರನೇ ದಿನ ಹೊಸ ಬಟ್ಟೆ ಉಟ್ಟುಕೊಂಡು ಈ ಬೆಂಚಿನ ಮೇಲೆ ಕೂತಿದ್ದಳು. ಮಾರನೇ ದಿನ ಮಾರ್ಕೆಟ್ಟಿಗೆ ಹೋಗಿ ಇನ್ನೊಂದು ಡಬ್ಬ ತಂದಳು. ಆ ವಾಸನೆ ಇದಕ್ಕಿಲ್ಲ ಅಂದಳು. ಆದರೂ ಹಚ್ಚಿದಳು. ಅದೂ ಮುಗಿಯಿತು. ಆಮೇಲೆ ಒಂದು ಬೆಳಿಗ್ಗೆ ಗಂಟು ಕಟ್ಟಿಕೊಂಡು ಬಂದು, 'ಹೋಗ್ತೀನಿ' ಅಂದಳು. ಹೋದಳು. ಎಲ್ಲಿಗೆ ಅಂತ ನನಗೆ ಗೊತ್ತಿಲ್ಲ. ನಮ್ಮಲ್ಲಿ ಹೋಗುವವರು 'ಹೋಗ್ತೀನಿ' ಅಂತಲೇ ಹೇಳ್ತಾರೆ."

ವ್ಯಾಪಾರಿ ಆ ಬೆಂಚು ನೋಡಿದ. ಆಮೇಲೆ ಮುದುಕಿಯ ಕಡೆ ತಿರುಗಿದ.

"ಅಮ್ಮಾ, ನಾನು ಅವಳಿಗೆ ಸುಳ್ಳು ಹೇಳಲಿಲ್ಲ. ನಮ್ಮ ಕಡೆ ಹೊರಡುವವರೆಲ್ಲ ಹಾಗೇ ಅನ್ನೋದು. ಹೋಗುವವರೂ 'ಬರ್ತೀನಿ' ಅಂತಲೇ ಹೇಳ್ತಾರೆ."

ಮುದುಕಿಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸಿಟ್ಟಾಗಲಿಲ್ಲ. ತಿಳಿಯದ್ದನ್ನು ತಿಳಿದುಕೊಳ್ಳುವವಳಂತೆ ಕೇಳಿದಳು.

"ಹಾಗಾದರೆ ನಿಜವಾಗಿ ಬರುವವರು ನಿಮ್ಮಲ್ಲಿ ಏನಂತ ಹೇಳ್ತಾರೆ?"

ವ್ಯಾಪಾರಿ ಹುಡುಕಿದ. ಪುಸ್ತಕದ ಮೂವತ್ತು ಪದಗಳಲ್ಲಿ ಅದಿರಲಿಲ್ಲ. ತನ್ನ ಭಾಷೆಯಲ್ಲೂ ಸಿಗಲಿಲ್ಲ. ಬಾಗಿಲ ಮಾತು ನಂಬಬಾರದು ಎಂದು ಹದಿನೇಳು ಮನೆಯಲ್ಲಿ ಕಲಿತವನು, ಹದಿನೆಂಟನೆಯ ಬಾಗಿಲಲ್ಲಿ ಅಂಥದೇ ಮಾತನ್ನು ತಾನೇ ಆಡಿ ಬಂದಿದ್ದ. ಅದನ್ನು ನಂಬಿದವಳು ಮಾತ್ರ ಈಗ ಅಲ್ಲಿರಲಿಲ್ಲ. ಅಂಗಡಿಯಿಂದ ಹೊರಡಬೇಕಾಯಿತು. ಮುದುಕಿ ಅವನ ಬಾಯಿಯನ್ನೇ ನೋಡುತ್ತಿದ್ದಳು. ಅವನು ಏನೂ ಹೇಳದೆ ಕೈ ಮುಗಿದು ಬೀದಿಗೆ ಇಳಿದ.

ಗುರುಗಳು ಸುಲಿದ ಕಾಳನ್ನು ಬುಟ್ಟಿಗೆ ಸುರಿದರು. ಕತೆ ಅಲ್ಲಿಗೆ ಮುಗಿಯಿತೆಂದು ನಾಗಭೂಷಣನಿಗೆ ಅನ್ನಿಸಲಿಲ್ಲ. ಅವನ ಮುಂದಿನ ರಾಶಿ ಬಹಳ ಹೊತ್ತಿನಿಂದ ಹಾಗೇ ಇತ್ತು.

"ಆಮೇಲೆ ಅವನು ಹುಡುಕ್ಕೊಂಡು ಹೋಗಲಿಲ್ವಾ ಬುದ್ಧಿ? ಅವಳು ಸಿಕ್ಕಳಾ?" ಎಂದು ಕೇಳಿದ. ಕೇಳುವಾಗ ಧ್ವನಿ ಒಡೆದಿತ್ತು.

ಗುರುಗಳು ಕೈಯ ಸಿಪ್ಪೆ ಕೊಡವಿ ಅವನ ಮುಖವನ್ನೇ ನೋಡಿ ಕೇಳಿದರು:

"ನೀನು ಅಲ್ಲಿಂದ ಹೊರಡುವಾಗ ಏನಂತ ಹೇಳಿ ಬಂದೆಯಪ್ಪ?"