ಅಜ್ಜಿಯ ತಲೆಗೆ ಬೂದಿಬಣ್ಣ ಬಂದದ್ದು

ಆಗ ಲೋಕ ಇನ್ನೂ ಹೊಸದು. ಬೆಟ್ಟಗಳ ಹಸಿಮಣ್ಣು ಕೂಡ ಆರಿರಲಿಲ್ಲ. ಎಲ್ಲರ ತಲೆಗೂದಲೂ ಕಪ್ಪು. ಅಜ್ಜಿ ಎಂಬ ಮಾತೇ ಇರಲಿಲ್ಲ, ಯಾಕೆಂದರೆ ಮೊಮ್ಮಕ್ಕಳ ಮುಖ ನೋಡುವಷ್ಟು ದಿನ ಯಾರೂ ಬದುಕುತ್ತಿರಲಿಲ್ಲ. ಎಷ್ಟೋ ಕೂಸುಗಳು ಹಲ್ಲು ಮೂಡುವ ಮೊದಲೇ ಹೋಗಿಬಿಡುತ್ತಿದ್ದವು.

ಹೊಳೆಯ ದಂಡೆಯಲ್ಲಿ ಮಾಳವ್ವ ಎಂಬ ತಾಯಿ ಇದ್ದಳು. ಅವಳ ಮೂರು ಮಕ್ಕಳು ವಾಂತಿಭೇದಿಯಾಗಿ ತೀರಿಕೊಂಡಿದ್ದರು. ಉಳಿದವಳು ತಂಗೆವ್ವ ಒಬ್ಬಳೇ. ಒಂದು ಮುಂಜಾನೆ ಅವಳಿಗೂ ವಾಂತಿ ಶುರುವಾಯಿತು. ಮಾಳವ್ವ ಕೊಡ ಹಿಡಿದು ಹೊಳೆಗೆ ಓಡಿದಳು.

"ಹೊಳೆಯವ್ವಾ, ನಿನ್ನ ನೀರು ಕುಡಿದೇ ನನ್ನ ಮಕ್ಕಳು ಹೋದವಾ?"

ಹೊಳೆ ಅಂದಿತು: "ಯಾರು ಏನು ಎಸೆದರೂ ಹೊತ್ತು ತರುತ್ತೇನೆ, ಮಗಳೇ. ಅದರಲ್ಲಿ ಏನಿದೆಯೋ ನನಗೆ ಗೊತ್ತಾಗುವುದಿಲ್ಲ. ಬೆಂಕಿಯನ್ನು ಕೇಳು."

ಮಾಳವ್ವ ಕೊಡ ತುಂಬಿಕೊಂಡು ಮನೆಗೆ ಬಂದು ಒಲೆಯ ಕೆಂಡವನ್ನು ಕೇಳಿದಳು. ಕೆಂಡದೊಳಗಿನ ಬೆಂಕಿ ಹೇಳಿತು: "ನೀರನ್ನು ನನ್ನ ಮೇಲಿಡು. ಕೊತಕೊತ ಕುದಿಯಲಿ. ಆರಿದ ಮೇಲೆ ಕುಡಿಸು. ಅಲ್ಲಿಯವರೆಗೆ ಒಂದು ಹನಿಯೂ ಬೇಡ."

ಮಾಳವ್ವ ಒಲೆಯ ಮುಂದೆ ಕೂತು ಊದಿದಳು. ಕಟ್ಟಿಗೆ ಹಸಿ. ಹೊಗೆ ಬಂತು, ಉರಿ ಬರಲಿಲ್ಲ. ಮತ್ತೆ ಊದಿದಳು.

"ಅವ್ವಾ, ನೀರು," ಎಂದಳು ತಂಗೆವ್ವ.

"ತಡಿ ಕೂಸೇ, ಇನ್ನೂ ಕುದ್ದಿಲ್ಲ."

ನೆರೆಮನೆಯ ಸಾತವ್ವ ಬಾಗಿಲಲ್ಲಿ ನಿಂತು, "ಕೊಡದ ತುಂಬ ನೀರಿಟ್ಟುಕೊಂಡು ಕೂಸಿನ ಬಾಯಿ ಒಣಗಿಸುತ್ತೀಯಲ್ಲೇ," ಎಂದಳು. ಮಾಳವ್ವನಿಗೂ ಅದೇ ಭಯ. ಬೆಂಕಿ ಹೇಳಿದ್ದು ಸುಳ್ಳಾದರೆ? ಎರಡು ಸಲ ಅವಳ ಕೈ ನೀರಿನ ಕೊಡದ ಕಡೆ ಹೋಯಿತು. ಎರಡು ಸಲವೂ ಹಿಂದಕ್ಕೆ ತಂದುಕೊಂಡಳು. ಮತ್ತೆ ಊದಿದಳು. ಬೂದಿ ಹಾರಿ ಹಾರಿ ಅವಳ ತಲೆಯ ಮೇಲೆ ಕೂತಿತು.

ಕೊನೆಗೆ ನೀರು ಕುದಿಯಿತು. ಅದು ಆರುವಷ್ಟರಲ್ಲಿ ತಂಗೆವ್ವ ನೀರು ಕೇಳುವುದನ್ನೇ ನಿಲ್ಲಿಸಿದ್ದಳು. ಮಾಳವ್ವ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು. ಉಸಿರಿತ್ತು. ಒಂದೊಂದೇ ಗುಟುಕು ಕುಡಿಸಿದಳು. ಬಿಸಿಲು ಇಳಿಯುವ ಹೊತ್ತಿಗೆ ತಂಗೆವ್ವ ಕಣ್ಣು ಬಿಟ್ಟು, "ಇನ್ನೊಂದು ಸ್ವಲ್ಪ," ಎಂದಳು.

ಅಂದಿನಿಂದ ಮಾಳವ್ವ ದಿನಾ ನೀರು ಕಾಯಿಸಿದಳು. ಸಾತವ್ವನೂ ಕಾಯಿಸಿದಳು. ಆಮೇಲೆ ಕೇರಿಯವರೆಲ್ಲ.

ತಂಗೆವ್ವ ಬೆಳೆದು ತಾಯಿಯಾದಳು. ಒಂದು ದಿನ ಅವ್ವನ ತಲೆ ಎರೆಯುತ್ತಾ ಗಾಬರಿಯಾದಳು. ಎಷ್ಟು ತಿಕ್ಕಿದರೂ ಬೂದಿಬಣ್ಣ ಹೋಗುತ್ತಿಲ್ಲ. "ಅವ್ವಾ, ಇದು ಯಾವ ರೋಗ?"

"ರೋಗವಲ್ಲ," ಎಂದಿತು ಎಲ್ಲರ ತಲೆಯನ್ನೂ ಸವರಿ ಹೋಗುವ ಗಾಳಿ. "ಇಷ್ಟು ವರ್ಷ ಬದುಕಿದವರ ತಲೆಯನ್ನು ನಾನೂ ಈಗಲೇ ನೋಡುತ್ತಿರುವುದು."

ಆದರೂ ಮಾಳವ್ವನ ಅಂಜಿಕೆ ಹೋಗಲಿಲ್ಲ. ಮೊಮ್ಮಗು ಒಮ್ಮೆ ಕೆಮ್ಮಿದರೆ ಸಾಕು, ಬಂದು ಹಣೆ ಮುಟ್ಟಿ ನೋಡುತ್ತಿದ್ದಳು.

ಮೊದಲು ಇಡೀ ಹೊಳೆದಂಡೆಗೆ ಅಂಥ ತಲೆ ಒಂದೇ ಇತ್ತು. ಈಗ ಮನೆಮನೆಯಲ್ಲೂ ಇದೆ, ನಿನ್ನ ಅಜ್ಜಿ ನಿನ್ನ ಹಣೆ ಮುಟ್ಟಲು ಬಗ್ಗಿದಾಗ ನೋಡು, ಆ ಬೂದಿಬಣ್ಣ ಕಾಣುತ್ತದೆ.