ಹುಲಿಗೆಮ್ಮನ ಹಳದಿ ಗಾಲಿ

ಹೊಸಪೇಟೆಯಲ್ಲಿ ಹುಲಿಗೆಮ್ಮ ಎಂಬ ಗಟ್ಟಿಗಿತ್ತಿ ಹೆಂಗಸರಿಗೆ ಕಾರು ಕಲಿಸುತ್ತಿದ್ದಳು. ಕಾರು ಅಣ್ಣ ಯಂಕಪ್ಪನದು. ದಸರೆಯೊಳಗೆ ಹತ್ತು ಮಂದಿಯಾದರೂ ಕಲಿಯಲು ಬರದಿದ್ದರೆ ಕಾರು ವಾಪಸು ಕೊಡಬೇಕೆಂದು ಅವನು ಮೊದಲೇ ಹೇಳಿದ್ದ. ಬಂದವರು ಮೂವರೇ. ಆ ಮೂವರೂ ಹಿಂದಿನ ಗಾಲಿ ಎಲ್ಲಿದೆಯೆಂದು ತಿಳಿಯದೆ ಫುಟ್‌ಪಾತಿನ ಕಲ್ಲಿಗೆ ಉಜ್ಜಿ ಉಜ್ಜಿ ಗಾಲಿಗಳ ಮುಖ ಕೆಡಿಸಿದ್ದರು.

ಅಷ್ಟರಲ್ಲಿ ಮಹಿಳಾ ಕಾಲೇಜಿನ ಪ್ರಿನ್ಸಿಪಾಲರು, ನಮ್ಮ ಹುಡುಗಿಯರಿಗೂ ಕಲಿಸುವಿರಾ, ಶುಕ್ರವಾರ ಬಂದು ನೋಡುತ್ತೇನೆ ಎಂದರು. ಪರಚಿದ ಗಾಲಿ ಕಂಡರೆ ಯಾರು ತಾನೇ ನಂಬಿ ಮಕ್ಕಳನ್ನು ಕಳಿಸಿಯಾರು? ಹುಲಿಗೆಮ್ಮ ಪೇಂಟರ್ ಮಾಬುಸಾಬನ ಬಳಿ ಓಡಿದಳು. ಅವನ ಹತ್ತಿರ ತೆಗೆಯುವ ಬಣ್ಣವಿತ್ತು. ಸಿಂಪಡಿಸಿದರೆ ರಬ್ಬರಿನಂತೆ ಕೂರುತ್ತದೆ, ಬೇಡವಾದರೆ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಎಸೆಯಬಹುದು.

ಯಾವ ಬಣ್ಣ? ಹತ್ತು ಮಂದಿ, ಹತ್ತು ಮಾತು. ಕಪ್ಪಾದರೆ ಕೊಳೆ ಕಾಣದು ಎಂದ ಯಂಕಪ್ಪ. ಆಯುಧಪೂಜೆ ಎದುರಿಗಿಟ್ಟುಕೊಂಡು ಕಪ್ಪೇ ಎಂದು ಅತ್ತೆ ಮುಖ ಸಿಂಡರಿಸಿ ಬೆಳ್ಳಿ ಬಣ್ಣ ಹೇಳಿದಳು. ಕಲಿಯುವವರಿಗೆ ನೀಲಿ ಬೇಕಿತ್ತು. ಹುಲಿಗೆಮ್ಮ ಯಾರಿಗೂ ಇಲ್ಲವೆನ್ನಲಿಲ್ಲ. ಒಂದೊಂದು ಗಾಲಿಗೆ ಒಂದೊಂದು ಬಣ್ಣ ಹೊಡೆದು ನೋಡೋಣ, ಹೇಗೂ ತೆಗೆಯುವುದೇ ಅಲ್ಲವೇ, ತೆಳ್ಳಗಿರಲಿ ಎಂದಳು.

ಮಾಬುಸಾಬ ತಲೆಯಾಡಿಸಿದ. "ತೆಗೆಯೋ ಬಣ್ಣಾನೇ ದಪ್ಪ ಹೊಡೀಬೇಕಕ್ಕ. ತೆಳ್ಳಗ ಹೊಡೆದ್ರ ನೆಟ್ಟಗ ನಿಲ್ಲಂಗಿಲ್ಲ, ನೆಟ್ಟಗ ಬಿಡಂಗೂ ಇಲ್ಲ."

ಕೇಳುವವರಾರು? ಮೂರು ಗಾಲಿಗೆ ಮೂರು ಬಣ್ಣ ಬಿತ್ತು. ಒಂದೂ ಹಿಡಿಸಲಿಲ್ಲ. ಸುಲಿಯಲು ಹೋದರೆ ಸುಲಿಯಲೂ ಇಲ್ಲ. ಉಗುರು ಸವೆಯುವ ತನಕ ಕೆರೆದರೂ ಅಲ್ಲೊಂದು ಚೂರು ಇಲ್ಲೊಂದು ಚೂರು ಎದ್ದು, ಗಾಲಿಗಳಿಗೆ ಕಜ್ಜಿ ಹತ್ತಿದ ಹಾಗಾಯಿತು. ಗುರುವಾರ ಬೆಳಿಗ್ಗೆ ಅದೇ ಹೊತ್ತಿಗೆ ಯಂಕಪ್ಪ ಬಂದು ನಕ್ಕ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತಾಗಿ ಹುಲಿಗೆಮ್ಮನ ಕಣ್ಣು ತುಂಬಿತು.

ಅವಳು ಹೋಗಿ ಡ್ರೈವರ್ ಸೀಟಿನಲ್ಲಿ ಕೂತಳು. ಅಭ್ಯಾಸಬಲದಿಂದ ಎಡಗನ್ನಡಿಯನ್ನು ತುಸು ಬಗ್ಗಿಸಿ ನೋಡಿದಳು. ಇನ್ನೂ ಬಣ್ಣ ಬೀಳದ ಹಿಂದಿನ ಗಾಲಿ, ಪಕ್ಕದ ಕಲ್ಲು, ರಸ್ತೆ, ಎಲ್ಲವೂ ಒಂದೇ ಬೂದು ಬಣ್ಣ. ಹೀಗಿದ್ದರೆ ಕಲಿಯುವವರಿಗೆ ಪಾಪ ಏನು ಕಂಡೀತು? ಇಷ್ಟು ದಿನ ಗಾಲಿ ಚೆಂದ ಕಾಣಲೆಂದು ಬಣ್ಣ ಹುಡುಕುತ್ತಿದ್ದೆ, ಗಾಲಿ ಕಾಣಲೆಂದು ಹುಡುಕಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಇಳಿದು ಬಂದು ಮಾಬುಸಾಬನಿಗೆ ಹೇಳಿದಳು: "ಹಳದಿ. ನಾಲ್ಕಕ್ಕೂ. ನೀ ಎಷ್ಟು ಸಲ ಅಂತೀಯೋ ಅಷ್ಟು ಸಲ."

ದಪ್ಪ ಕೂತರೆ ಹಳೆಯ ಚೂರುಗಳೂ ಜೊತೆಗೇ ಸುಲಿದು ಬರುತ್ತವೆಂದು ಅವನು ಅವುಗಳ ಮೇಲೆಯೇ ಆರಾರು ಸಲ ಬಳಿದ. ಅರಿಶಿನದ ಮದುಮಗಳೆಂದು ಬೀದಿಯವರು ಚುಡಾಯಿಸಿದರು. ಹುಲಿಗೆಮ್ಮ ಜಗ್ಗಲಿಲ್ಲ.

ಶುಕ್ರವಾರ ಪ್ರಿನ್ಸಿಪಾಲರ ಎದುರು ಕಾರು ನಡೆಸಿದ್ದು ಗುರುಬಸವ್ವ, ಮೂವರಲ್ಲಿ ಅತಿ ಹೆಚ್ಚು ಕಲ್ಲು ಉಜ್ಜಿದವಳು. ಕನ್ನಡಿಯಲ್ಲಿ ಹಳದಿಯನ್ನೇ ನೋಡುತ್ತ ರಿವರ್ಸ್ ಬಂದು, ಕಲ್ಲಿಗೆ ಗೇಣಿನಷ್ಟು ದೂರದಲ್ಲಿ ನಿಲ್ಲಿಸಿದಳು.

ಬಣ್ಣವೇಕೆ ಹಳದಿಯೆಂದು ಪ್ರಿನ್ಸಿಪಾಲರಿಗೆ ಯಾರೂ ಹೇಳಬೇಕಾಗಲಿಲ್ಲ. ಅವರು ಕೇಳಿದ್ದು ಬೇರೆಯೇ. "ನಾಳೆ ಇದು ತಪ್ಪು ಅನ್ನಿಸಿದರೆ?"

"ಒಂದೇ ಎಳೆತಕ್ಕೆ ಸುಲಿದು ಹಾಕ್ತೀನ್ರಿ," ಎಂದಳು ಹುಲಿಗೆಮ್ಮ. "ಅದಕ್ಕೇ ದಪ್ಪ ಬಳಿಸೀನಿ."

ಸೋಮವಾರದಿಂದ ಹನ್ನೆರಡು ಹುಡುಗಿಯರು ಬಂದರು. ಕಾರು ಅವಳಲ್ಲೇ ಉಳಿಯಿತು.

ನೀತಿ: ಆಮೇಲೆ ಬದಲಿಸಬಹುದೆಂದು ಯಾವ ನಿರ್ಧಾರವನ್ನೂ ಅರೆಮನಸ್ಸಿನಿಂದ ಮಾಡಬೇಡಿ. ಪೂರ್ಣ ಮನಸ್ಸಿನಿಂದ ಮಾಡಿದ್ದು ತಪ್ಪಾದರೂ ಸುಲಭವಾಗಿ ಬಿಟ್ಟುಹೋಗುತ್ತದೆ; ಅರೆಮನಸ್ಸಿನದು ಚೂರುಚೂರಾಗಿ ಅಂಟಿಕೊಂಡು ಕಾಡುತ್ತದೆ.