ರೂಟರಿಗೆ ಬಂದ ಮುಪ್ಪು

ಕೃಷ್ಣೆ ತಿರುವು ತೆಗೆದುಕೊಳ್ಳುವಲ್ಲಿ ಒಂದು ಸಣ್ಣ ಮಠ. ಅಲ್ಲಿ ಇಬ್ಬರೇ: ಗುರುಗಳಾದ ಅಜ್ಜಾರು, ಶಿಷ್ಯ ಚನವೀರ.

ಚನವೀರ ವಿಜ್ಞಾನದ ಪದವೀಧರ. ತಾಯಿಯಂತೆ ಸಾಕಿದ ಅಕ್ಕ ನೀಲವ್ವಳಿಗೆ ಒಂದು ಚೀಟಿ ಬರೆದಿಟ್ಟು, ಅವಳು ಏಳುವ ಮೊದಲೇ ಮನೆ ಬಿಟ್ಟು ಬಂದಿದ್ದ. ಎಂಟು ತಿಂಗಳಾಯಿತು. ಅವಳಿಂದ ಒಂದು ಮೆಸೇಜೂ ಇಲ್ಲ.

ಹೊಳೆದಂಡೆಯ ಆ ತಗ್ಗಿಗೆ ಮೊಬೈಲ್ ನೆಟ್‌ವರ್ಕ್ ಬಾರದು. ಇರುವುದು ಮಠದ ವೈಫೈ ಒಂದೇ. ಅವನ ಕೋಣೆಯಲ್ಲಿ ಅದಕ್ಕೂ ಒಂದೇ ಗೆರೆ, ಅದೂ ಬಂದರೆ ಬಂತು.

ಅಕ್ಕನಿಗೆ ಸಿಟ್ಟಿರಬೇಕು ಎಂದು ಮೊದಮೊದಲು ಅಂದುಕೊಂಡ. ಆಮೇಲೆ, ತಪ್ಪು ರೂಟರಿನದು ಎಂದುಕೊಂಡ.

ಒಂದು ದಿನ ಅಜ್ಜಾರ ಮುಂದೆ ವಹಿ ಹಿಡಿದು ನಿಂತ. ಬಾವಿಕಟ್ಟೆ, ಅಡುಗೆಮನೆ, ಹೊಳೆಯ ಮೆಟ್ಟಿಲು, ಹೀಗೆ ಏಳು ಕಡೆ ಸಿಗ್ನಲ್ ಅಳೆದು ಬರೆದಿದ್ದ.

"ಹೊಸ ರೂಟರ್ ತರಸಬೇಕ್ರಿ ಅಜ್ಜಾರ. ಇದಕ್ಕ ಏಳು ವರ್ಷ ಆತು. ಮುಪ್ಪು ಬಂದೈತಿ."

"ನನಗ ಎಪ್ಪತ್ತೊಂಬತ್ತು," ಎಂದರು ಅಜ್ಜಾರು. "ನನ್ನ ಬದಲಿಗೆ ಯಾರನ್ನ ತರಸಾಂವ?"

ಚನವೀರ ನಗಲಿಲ್ಲ.

"ಮುಪ್ಪು ಬಂದ್ರ ಅದಕ್ಕ ಏನಾಗ್ತೈತಿ?" ಅಜ್ಜಾರೇ ಕೇಳಿದರು.

"ಬಿಸಿಗೆ, ಧೂಳಿಗೆ ಒಳಗಿನ ಭಾಗ ಸೊರಗ್ತಾವ್ರಿ. ನಡುನಡುವ ತಾನ ಬಂದ್ ಆಗ್ತೈತಿ."

"ಇದು ಬಂದ್ ಆಗೈತೇನು?"

"ಇಲ್ರಿ."

"ಯಾವಾಗಿಂದ ಹಿಂಗ?"

"ಆಯುಧ ಪೂಜಿ ಆದ ಮ್ಯಾಲಿಂದ್ರಿ."

ಅಜ್ಜಾರು ವಹಿಯ ಹಾಳೆ ತಿರುವಿದರು. "ರೂಟರ್ ಮುಂದ ನಿಂತು ನೋಡಿಲ್ಲಲ್ಲ. ಅದೊಂದ ಯಾಕ ಬಿಟ್ಟಿ?"



ಅಜ್ಜಾರು ಎದ್ದು ಗದ್ದುಗೆಯ ಹಿಂದಿನ ಗೂಡಿಗೆ ಹೋದರು. ದಪ್ಪ ಕಲ್ಲುಗೋಡೆಯ ಗೂಡು. ಅದರ ಬಾಯಿಗೆ ದೊಡ್ಡ ಹಿತ್ತಾಳೆ ತಟ್ಟೆ, ಎರಡು ದೀಪದ ಸಮೆ. ಅವುಗಳ ಹಿಂದೆ, ಒಣಗಿದ ಚೆಂಡುಹೂವಿನ ಮಾಲೆ ತೊಟ್ಟು, ವಿಭೂತಿ ಧರಿಸಿ, ರೂಟರ್ ಕೂತಿತ್ತು.

"ಯಾರಪಾ ಇದನ್ನ ಇಲ್ಲಿ ಕುಂಡ್ರಿಸಿದವ್ರು?"

"ನಾನ್ರಿ. ಪೂಜಿ ಮಾಡಿದ್ದು, ಮೈಲಿಗಿ ಆಗಬಾರದಂತ."

"ಸುತ್ತ ಕಲ್ಲು, ಮುಂದ ಹಿತ್ತಾಳಿ. ಡಿಗ್ರಿ ಯಾವುದ್ರಾಗ ಮಾಡೀಯೋ?"

"ಫಿಸಿಕ್ಸ್‌ದಾಗ್ರಿ."

"ಭಾಳ ಛಲೋ ಆತು."

ಅಜ್ಜಾರೇ ಮಾಲೆ ತೆಗೆದರು. ಧೂಳು ಒರೆಸಿದರು. ರೂಟರನ್ನು ಪಡಸಾಲೆಗೆ ತಂದು ಎತ್ತರದ ಮಣೆಯ ಮೇಲೆ ಇಟ್ಟರು.

ಚನವೀರನ ಫೋನಿನಲ್ಲಿ ನಾಲ್ಕೂ ಗೆರೆ ಎದ್ದವು.

ಅವನು ಕಾದ. ರೀಚಾರ್ಜಿನ ಜಾಹೀರಾತು ಬಂತು. ಯಾರೋ ಹಳೆಯ ಸಹಪಾಠಿಯ ಶುಭೋದಯ ಬಂತು. ನೀಲವ್ವನದು ಏನೂ ಬರಲಿಲ್ಲ.

ಮತ್ತೂ ಕಾದ. ನಾಲ್ಕು ಗೆರೆ ಹಾಗೇ ಇದ್ದವು. ಇನ್ನು ದೂರಲು ಏನೂ ಉಳಿದಿರಲಿಲ್ಲ.

"ಇಲ್ಲಿಗೆ ಬಂದ ಮ್ಯಾಲ ನೀ ನಿಮ್ಮ ಅಕ್ಕಗ ಏನ್ ಬರದಿದ್ದಿ?" ಅಜ್ಜಾರು ಮೆಲ್ಲಗೆ ಕೇಳಿದರು.

"ಏನೂ ಇಲ್ರಿ. ಮೊದಲ ಆಕಿ ಬರೀಲಿ ಅಂತ..."

ಹೊಳೆಯ ಕಡೆಯಿಂದ ಗಾಳಿ ಬೀಸಿತು. ಅಜ್ಜಾರು ಮಣೆಯತ್ತ ನೋಡಿದರು.

"ಈಗ ಇದನ್ನ ಯಾರೂ ಏನೂ ಕೇಳವಲ್ರು. ಸುಮ್ನ ಕುಂತೈತೇನು?"

"ಇಲ್ರಿ. ಫೋನುಗಳಿಗೆ ಗೊತ್ತಾಗ್ಲೆಂತ ತನ್ನ ಹೆಸರು ಹೇಳಾಕತ್ತೈತಿ. ಸೆಕೆಂಡಿಗೆ ಸುಮಾರು ಹತ್ತು ಸಲ."

"ಮಠದಾಗ ಯಾರೂ ಇಲ್ಲದಾಗ?"

"ಆಗೂ ಹೇಳ್ತೈತ್ರಿ."

ಹೇಳುತ್ತಲೇ ಚನವೀರ ರೂಟರಿನತ್ತ ತಿರುಗಿದ. ನಂತರ ಫೋನ್ ತೆಗೆದ. ದೊಡ್ಡದೇನೋ ಬರೆದ, ಅಳಿಸಿದ. ಮತ್ತೆ ಬರೆದ, ಅಳಿಸಿದ. ಕೊನೆಗೆ ಇಷ್ಟೇ ಕಳಿಸಿದ: "ಅಕ್ಕಾ, ನಾನು ಚನ್ಯಾ."

ಮೆಸೇಜ್ ಮುಟ್ಟಿತು. ಎರಡು ಬೂದು ಗುರುತು ಮೂಡಿದವು. ಬಿಸಿಲು ಪಡಸಾಲೆ ದಾಟಿ ಅಂಗಳಕ್ಕಿಳಿಯಿತು. ಗುರುತುಗಳು ನೀಲಿಯಾಗಲಿಲ್ಲ.

"ಓದವಲ್ಲಳ್ರೀ ಅಜ್ಜಾರ."

ಅಜ್ಜಾರು ಹೊಳೆಗೆ ಹೋಗಲು ಟವೆಲ್ ಹೆಗಲಿಗೆ ಹಾಕಿಕೊಂಡರು.

"ನಿನಗ ದೂರಾಕ ಈ ರೂಟರ್ ಡಬ್ಬಿ ಇತ್ತು. ಆಕಿಗೂ ಎಂಟು ತಿಂಗಳು ಇಂಥಾದೊಂದ್ ಡಬ್ಬಿ ಬೇಕಾಗಿರ್ತೈತಿ, ತಮ್ಮಾ. ನಾಳೆ ಮತ್ತ ಬರಿ."